ಮಗನಿಗೆ 17, ಸ್ಕೂಟರ್ ತಾಯಿಯ ಹೆಸರಲ್ಲಿ, ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದಾನೆ: ಮುಂದೇನು?

ಪ್ರಶ್ನೆ: ನಮ್ಮದು ಮೈಸೂರು. ಮಗನಿಗೆ 17 ವರ್ಷ 4 ತಿಂಗಳು, ದ್ವಿತೀಯ ಪಿಯುಸಿ. ಕಳೆದ ಶನಿವಾರ ರಾತ್ರಿ ಗೆಳೆಯನ ಹುಟ್ಟುಹಬ್ಬ ಮುಗಿಸಿ, ನನ್ನ ಹೆಂಡತಿಯ ಹೆಸರಿನಲ್ಲಿರುವ 110 ಸಿಸಿ ಸ್ಕೂಟರಿನಲ್ಲಿ ಬರುವಾಗ ಪೊಲೀಸರು ತಡೆದಿದ್ದಾರೆ. ಊದಿಸಿದಾಗ 68 ಬಂತಂತೆ. ಹಿಂದೆ ಕೂತಿದ್ದವನು ನನ್ನ ಅಣ್ಣನ ಮಗ, 22 ವರ್ಷ. ಯಾರಿಗೂ ಪೆಟ್ಟಾಗಿಲ್ಲ. ಗಾಡಿ ಠಾಣೆಯಲ್ಲಿದೆ. ‘ಓಡಿಸಿದ್ದು ಅಣ್ಣನ ಮಗನೇ ಅಂತ ಬರೆಸಿಬಿಡಿ, ಹತ್ತು ಸಾವಿರದಲ್ಲಿ ಮುಗಿಯುತ್ತೆ’ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಮಗನ ಮೇಲೆ ಕೇಸು ಉಳಿದು ಸಿಇಟಿ, ನೀಟ್ ಸೀಟಿಗೆ ತೊಂದರೆಯಾಗುತ್ತದೆಯೇ? ಹೆಂಡತಿಗೆ ಜೈಲಾಗುತ್ತದೆಯೇ?

ಉತ್ತರ: ನಿಮ್ಮ ಪರಿಚಯದವರ ಮಾತನ್ನು ಇಲ್ಲಿಗೇ ಬಿಡಿ. ಊದಿಸಿದ ಯಂತ್ರದ ಚೀಟಿಯಲ್ಲಿ ಊದಿದವನ ವಿವರ, ಸಮಯ, ಅಂಕಿ ಎಲ್ಲವೂ ದಾಖಲಾಗಿರುತ್ತವೆ. ತಪಾಸಣೆ ನಡೆಯುವ ಕಡೆ ಕ್ಯಾಮೆರಾ ಇರುವುದೂ ಈಗ ಸಾಮಾನ್ಯ. ಆ ದಾಖಲೆಯ ಎದುರು ಇನ್ನೊಬ್ಬನ ಹೆಸರು ಬರೆಸಿದರೆ ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಂ, ಅಂದರೆ ಆರೋಪಿಯನ್ನು ಉಳಿಸಲು ಸುಳ್ಳು ಮಾಹಿತಿ ಕೊಟ್ಟ ಅಪರಾಧ, ನಿಮ್ಮ ಮೇಲೂ ಅಣ್ಣನ ಮಗನ ಮೇಲೂ ಬರುತ್ತದೆ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತ ಪ್ರಕರಣವನ್ನು ನೆನಪಿಸಿಕೊಳ್ಳಿ. ಆರೋಪಿ 17 ವರ್ಷದ ಹುಡುಗ. ಅವನಿಗೆ ಅಂದೇ ಜಾಮೀನು ಸಿಕ್ಕಿತ್ತು; 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ದೇಶವೆಲ್ಲ ಸುದ್ದಿಯಾಯಿತು. ಕಂಬಿ ಎಣಿಸಿದ್ದು ದೊಡ್ಡವರು: ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ತಂದೆ, ತಾಯಿ, ಆಸ್ಪತ್ರೆಯ ವೈದ್ಯರು, ಮನೆಯ ಚಾಲಕನ ತಲೆಗೆ ತಪ್ಪು ಕಟ್ಟಲು ನೋಡಿದ ಆರೋಪದಲ್ಲಿ ತಾತ. ನಿಮ್ಮ ಮಗನದು ಇಂದಿಗೆ ಸಣ್ಣ ಪ್ರಕರಣ. ಅದನ್ನು ದೊಡ್ಡದು ಮಾಡುವ ಶಕ್ತಿ ನಿಮ್ಮ ಕೈಯಲ್ಲಿ ಮಾತ್ರ ಇದೆ.

ನಡೆದಿರುವುದು ಒಂದೇ ಘಟನೆಯಾದರೂ ಪ್ರಕರಣಗಳು ಎರಡು. ಮಗನದು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ಗಾಡಿಯ ಮಾಲೀಕರಾದ ನಿಮ್ಮ ಪತ್ನಿಯದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ. ‘ಹುಡುಗ ಚಿಕ್ಕವನು, ಎಚ್ಚರಿಕೆ ಕೊಟ್ಟು ಬಿಡ್ತಾರೆ’ ಎಂದುಕೊಂಡವರು ಗಮನಿಸದೇ ಇರುವುದು ಈ ಎರಡನೆಯದನ್ನು. ಭಾರ ಇರುವುದು ಅಲ್ಲೇ.

ಮೊದಲು 68ರ ಲೆಕ್ಕ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲೀ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಬಾರಿಗೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ 2 ವರ್ಷದವರೆಗೆ ಸೆರೆ, 15,000 ದಂಡ. ಸುಮಾರು 55 ಕೆಜಿ ತೂಗುವ ಹುಡುಗ 30 ಮಿಲೀ ವಿಸ್ಕಿ ಕುಡಿದರೆ ಲೆಕ್ಕದ ಪ್ರಕಾರ 27ರ ಹತ್ತಿರ ಬರುತ್ತದೆ. 68 ಬರಬೇಕಾದರೆ ಎರಡೂವರೆ ಸಣ್ಣ ಪೆಗ್ ಅಥವಾ 400 ಮಿಲೀಯಷ್ಟು ಸ್ಟ್ರಾಂಗ್ ಬಿಯರ್ ಹೊಟ್ಟೆಗೆ ಹೋಗಿರಬೇಕು. ‘ಒಂದು ಗುಟುಕು ರುಚಿ ನೋಡಿದೆ ಅಷ್ಟೇ’ ಎಂದು ಮಗ ಹೇಳುತ್ತಿದ್ದರೆ ಮಂಡಳಿಯ ಮುಂದೆ ಅದನ್ನೇ ಒಪ್ಪಿಸಬೇಡಿ. ಅಲ್ಲಿ ಕೂತವರಿಗೆ ಈ ಲೆಕ್ಕ ಗೊತ್ತಿರುತ್ತದೆ.

30ರ ಒಳಗೆ ಬಂದಿದ್ದರೆ ಬಿಟ್ಟುಬಿಡುತ್ತಿದ್ದರೇ? ಇಲ್ಲ. 185 ಮಾತ್ರ ತಪ್ಪುತ್ತಿತ್ತು. 18 ತುಂಬದೆ, ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 181ನೇ ಕಲಂ (3 ತಿಂಗಳವರೆಗೆ ಸೆರೆ ಅಥವಾ 5,000 ದಂಡ ಅಥವಾ ಎರಡೂ), ಓಡಿಸಲು ಬಿಟ್ಟದ್ದಕ್ಕೆ ಮಾಲೀಕರ ಮೇಲೆ 180, ಅದರ ಜೊತೆಗೆ 199ಎ (ಚಿಕ್ಕವರು ಮಾಡಿದ ಅಪರಾಧಕ್ಕೆ ಪೋಷಕರನ್ನೂ ಮಾಲೀಕರನ್ನೂ ಹೊಣೆ ಮಾಡುವ ಕಲಂ, ವಿವರ ಮುಂದಿದೆ) ಹೇಗೂ ನಿಲ್ಲುತ್ತಿದ್ದವು. ‘16ಕ್ಕೇ ಲೈಸೆನ್ಸ್ ಕೊಡ್ತಾರಲ್ಲ’ ಎನ್ನುವವರು ಬಹಳ. ಕಾಯ್ದೆಯಲ್ಲಿ ಆ ವಿನಾಯಿತಿ ಇರುವುದು ಎಂಜಿನ್ 50 ಸಿಸಿ ಮೀರದ ಮೋಟಾರ್ ಸೈಕಲಿಗೆ. ಅಂಥ ಗಾಡಿ ಇವತ್ತು ಶೋರೂಮಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮದು 110 ಸಿಸಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ‘21ರ ಕೆಳಗಿನವರಿಗೆ 0.02 ಮಿತಿ’ ಎಂಬುದೂ ಕಣ್ಣಿಗೆ ಬೀಳಬಹುದು. ಅದು ಅಮೆರಿಕದ ಕಾನೂನು. ನಮ್ಮಲ್ಲಿ ಚಿಕ್ಕವರಿಗೆ ಬೇರೆ ಮಿತಿಯಿಲ್ಲ.

ಊದಿಸುವ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂಬುದನ್ನು ನೋಡುವ ಹಕ್ಕು ನಿಮಗಿದೆ. ಚೀಟಿಯ ಪ್ರತಿ ಕೇಳಿ ಪಡೆಯಿರಿ. ಯಂತ್ರದ ಕ್ರಮಸಂಖ್ಯೆ, ದಿನಾಂಕ, ವೇಳೆ ಓದಿ. ಊದುವ ಕೊಳವೆ ಹೊಸದಾಗಿತ್ತೇ, ಆಗಷ್ಟೇ ಮೌತ್‌ವಾಶ್ ಬಳಸಿದ್ದನೇ ಅಥವಾ ಕೊನೆಯ ಗುಟುಕು ಕುಡಿದು ಹದಿನೈದು ನಿಮಿಷವೂ ಆಗಿರಲಿಲ್ಲವೇ ಎಂಬುದು ಮುಖ್ಯ. ಬಾಯಲ್ಲಿ ಉಳಿದ ಆಲ್ಕೋಹಾಲ್ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಬಾಯಿ ವಾಸನೆ ಬರುತ್ತಿತ್ತು ಎಂಬ ವೈದ್ಯರ ಒಂದು ಸಾಲಿನ ಪತ್ರದ ಮೇಲೆ 185 ನಿಲ್ಲುವುದಿಲ್ಲ, ಅಂಕಿ ಬೇಕು. 185ರಲ್ಲಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಂ ಹೇಳುವುದಕ್ಕೂ ಕಾರಣವಿದೆ. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಆಲ್ಕೋಹಾಲನ್ನು ಕರಗಿಸುತ್ತದೆ. 68 ಇದ್ದವನ ರಕ್ತವನ್ನು ಮೂರು ಗಂಟೆ ಬಿಟ್ಟು ತೆಗೆದರೆ 30ರ ಒಳಗೇ ಬರಬಹುದು. ರಕ್ತ ತೆಗೆಯುವ ಮುನ್ನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬಾರದು; ಮಾದರಿ ಕೆಡದಂತೆ ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು. ಇವುಗಳಲ್ಲಿ ಲೋಪವಿದ್ದರೆ ವಕೀಲರಿಗೆ ತಿಳಿಸಿ. ಊದಲು ನಿರಾಕರಿಸಿದ್ದರೆ ಒಳ್ಳೆಯದಿತ್ತೇನೋ ಎಂಬ ಯೋಚನೆ ಬೇಡ. 205ನೇ ಕಲಂ ಪ್ರಕಾರ ಕಾರಣವಿಲ್ಲದ ನಿರಾಕರಣೆಯನ್ನೇ ಅವನ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವೆಂದು ಭಾವಿಸಬಹುದು.

ಈಗ ಮಗನ ವಿಷಯ. ಘಟನೆಯ ದಿನ 18 ತುಂಬಿರಲಿಲ್ಲ ಎಂಬುದಷ್ಟೇ ಮುಖ್ಯ. ವಿಚಾರಣೆಯ ನಡುವೆ ತುಂಬಿದರೂ ಪ್ರಕರಣ ಮಂಡಳಿಯಲ್ಲೇ ಉಳಿಯುತ್ತದೆ. ಹಾಗಾಗಿ ವಯಸ್ಸಿನ ದಾಖಲೆ ಮೊದಲು ಸರಿಮಾಡಿಕೊಳ್ಳಿ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರವನ್ನು, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆಯನ್ನು. ಆಧಾರ್ ಕಾರ್ಡ್ ಆ ಪಟ್ಟಿಯಲ್ಲೇ ಇಲ್ಲ. ಮೂಲ ಅಂಕಪಟ್ಟಿ ಮತ್ತು ಎರಡು ಜೆರಾಕ್ಸ್ ಪ್ರತಿ ಕೈಯಲ್ಲಿರಲಿ.

3 ವರ್ಷದವರೆಗೆ ಮಾತ್ರ ಸೆರೆಯಿರುವ ಅಪರಾಧಗಳನ್ನು ಈ ಕಾಯ್ದೆ ಸಣ್ಣ ಅಪರಾಧವೆನ್ನುತ್ತದೆ. 181 ಮತ್ತು 185 ಎರಡೂ ಆ ಗುಂಪಿನವು. ಅಂಥ ಪ್ರಕರಣದಲ್ಲಿ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ ಎಂದು 2016ರ ಮಾದರಿ ನಿಯಮಗಳ 8ನೇ ನಿಯಮ ಹೇಳುತ್ತದೆ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಸಾಮಾಜಿಕ ಹಿನ್ನೆಲೆ ವರದಿ ಸೇರಿಸಿ ಮಂಡಳಿಗೆ ಕಳಿಸಬೇಕು. ದೊಡ್ಡವರ ಜೊತೆ ಸೇರಿ ಮಾಡಿದ ಅಪರಾಧವಾದರೆ ಈ ರಕ್ಷಣೆ ಇರುವುದಿಲ್ಲ. ಹಿಂದೆ ಕೂತಿದ್ದ 22 ವರ್ಷದ ನಿಮ್ಮ ಅಣ್ಣನ ಮಗನ ಪಾತ್ರವನ್ನು ಪೊಲೀಸರು ಹೇಗೆ ಬರೆದಿದ್ದಾರೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ತೊಡಿಸುವಂತಿಲ್ಲ. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಜಾಮೀನು ಕೊಡುವುದೇ 12ನೇ ಕಲಮಿನ ಸಾಮಾನ್ಯ ನಿಯಮ. ಹೊರಗೆ ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಸಿಲುಕುತ್ತಾನೆ ಅಥವಾ ನ್ಯಾಯದ ಉದ್ದೇಶಕ್ಕೇ ಧಕ್ಕೆಯಾಗುತ್ತದೆ ಎಂದು ಕಂಡರೆ ಮಾತ್ರ ನಿರಾಕರಿಸಬಹುದು.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕಟಕಟೆ ಇರುವುದಿಲ್ಲ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮನೆಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ, ಮಂಡಳಿ ಬಹುಮಟ್ಟಿಗೆ ಆ ವರದಿಯನ್ನೇ ನೆಚ್ಚಿಕೊಳ್ಳುತ್ತದೆ. ಆಗ ಮನೆಯವರು ಮಾಡುವ ತಪ್ಪು ಒಂದೇ: ಎಲ್ಲವನ್ನೂ ಗೆಳೆಯರ ಮೇಲೆ ಹಾಕುವುದು. ಎಷ್ಟು ದಿನದಿಂದ ಕುಡಿಯುತ್ತಿದ್ದಾನೆ, ಗಾಡಿಯ ಕೀ ಅವನ ಕೈಗೆ ಹೇಗೆ ಸಿಗುತ್ತದೆ, ಈಗ ಮನೆಯಲ್ಲಿ ಏನು ಬದಲಾಗಿದೆ ಎಂಬುದನ್ನು ಇದ್ದ ಹಾಗೆ ಹೇಳಿ. ಆದರೆ ಗಮನವಿರಲಿ, ಕೀ ಬಗ್ಗೆ ಇಲ್ಲಿ ಹೇಳುವುದಕ್ಕೂ ನಿಮ್ಮ ಪತ್ನಿ ಆ ಕಡೆ ನ್ಯಾಯಾಲಯದಲ್ಲಿ ಹೇಳುವುದಕ್ಕೂ ತಾಳೆಯಾಗಬೇಕು. ಎರಡೂ ಕಡೆ ಒಬ್ಬರೇ ವಕೀಲರಿದ್ದರೆ ಅನುಕೂಲ. ಹಣದ ಅಡಚಣೆಯಿದ್ದರೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ.

ಮಂಡಳಿ ಏನು ಆದೇಶಿಸಬಹುದು? 18ನೇ ಕಲಮಿನಲ್ಲಿ ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಮಗ ಅಥವಾ ತಂದೆತಾಯಿ ದಂಡ ಕಟ್ಟುವುದು, ಸನ್ನಡತೆಯ ಮೇಲೆ ಬಿಡುವುದು, ಕೊನೆಗೆ 3 ವರ್ಷದವರೆಗೆ ವಿಶೇಷ ಗೃಹ (ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ವಸತಿ) ಇವೆಲ್ಲ ಇವೆ. ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಹಾಜರಾಗುವಂತೆ, ಇಂಥ ಕಡೆ ಕಾಲಿಡದಂತೆ ಹೆಚ್ಚುವರಿ ಆದೇಶವನ್ನೂ ಕೊಡಬಹುದು. ಮೊದಲ ಬಾರಿಯ, ಪೆಟ್ಟಾಗದ ಪ್ರಕರಣ ಸಮಾಲೋಚನೆ, ಸಮುದಾಯ ಸೇವೆ, ದಂಡದ ಮಟ್ಟದಲ್ಲಿ ಮುಗಿಯುತ್ತದೆಂದು ನಿರೀಕ್ಷಿಸಬಹುದು. ವಿಚಾರಣೆಗೆ 4 ತಿಂಗಳ ಗಡುವು, ಹೆಚ್ಚೆಂದರೆ ಇನ್ನೆರಡು ತಿಂಗಳು. ಅದರೊಳಗೆ ಮುಗಿಯದಿದ್ದರೆ ಸಣ್ಣ ಅಪರಾಧದ ವಿಚಾರಣೆ ಕೊನೆಗೊಳ್ಳುತ್ತದೆ.

ಸಿಇಟಿ, ನೀಟ್ ಚಿಂತೆ ಬಿಡಿ. ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಇಂಥ ತೀರ್ಮಾನದಿಂದ ಯಾವ ಅನರ್ಹತೆಯೂ ಅಂಟಿಕೊಳ್ಳುವುದಿಲ್ಲ, ಕಡತವನ್ನೂ ಕಾಲಾನಂತರ ನಾಶ ಮಾಡಬೇಕು. ಮುಗಿದ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದು 74ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಅವನ ಹೆಸರು, ಫೋಟೋ, ಕಾಲೇಜನ್ನು ಪತ್ರಿಕೆಯಾಗಲಿ ವಾಟ್ಸ್ಆ್ಯಪ್ ಗುಂಪಾಗಲಿ ಹಾಕಿದರೆ ಅದೂ ಅಪರಾಧವೇ.

ಪತ್ನಿಯ ಪ್ರಕರಣಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 199ಎ ಕಲಂ ಪೂರ್ತಿ ತಂದೆತಾಯಿ ಮತ್ತು ಮಾಲೀಕರಿಗಾಗಿಯೇ ಬರೆದಂತಿದೆ. ಮಗು ಈ ಕಾಯ್ದೆಯಡಿ ಯಾವ ಅಪರಾಧ ಮಾಡಿದರೂ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಅದರ ಮೇಲೆ ಬೇರೆಯಾಗಿ 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ಲೂ ಇಲ್ಲ, ಡಿಎಲ್ಲೂ ಇಲ್ಲ. ಕೀ ಕೊಟ್ಟದ್ದನ್ನು ಪೊಲೀಸರು ಸಾಬೀತು ಮಾಡಬೇಕಾಗಿಲ್ಲ. ಮಾಲೀಕರ ಒಪ್ಪಿಗೆಯಿಂದಲೇ ಓಡಿಸಿದ ಎಂದು ನ್ಯಾಯಾಲಯ ಭಾವಿಸಿಕೊಂಡೇ ಶುರುಮಾಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ನಿಮ್ಮ ಪತ್ನಿಯದು.

ಬಿಡಿಸಿಕೊಳ್ಳಲು ದಾರಿ ಎರಡು: ತನಗೆ ಗೊತ್ತೇ ಇರಲಿಲ್ಲ, ಅಥವಾ ತಡೆಯಲು ಬೇಕಾದ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆ ಎಂದು ಸಾಬೀತುಮಾಡುವುದು. ‘ಕೀ ಟಿವಿ ಸ್ಟ್ಯಾಂಡಿನ ಮೇಲಿತ್ತು, ನಾನು ಮಲಗಿದ್ದಾಗ ತಗೊಂಡು ಹೋದ’ ಎಂದರೆ ಅದು ಎಚ್ಚರಿಕೆಯಲ್ಲ, ಎಚ್ಚರಿಕೆ ಇಲ್ಲದ್ದಕ್ಕೆ ಪುರಾವೆ. ಕೀ ಬೀರುವಿನಲ್ಲಿ ಬೀಗ ಹಾಕಿಟ್ಟಿತ್ತು, ಬೀಗ ತೆಗೆದೋ ಒಡೆದೋ ಒಯ್ದಿದ್ದಾನೆ, ಗಾಡಿ ಕಾಣದಿದ್ದಾಗ ತಕ್ಷಣ ಫೋನ್ ಮಾಡಿದ್ದೇವೆ, ಸಂದೇಶ ಕಳಿಸಿದ್ದೇವೆ ಎಂಬಂಥವು ತೂಗುತ್ತವೆ. ಅದೇ ಗಾಡಿಯಲ್ಲಿ ಅವನು ದಿನಾ ಟ್ಯೂಷನ್ನಿಗೆ ಹೋಗುತ್ತಿದ್ದುದನ್ನು ಬೀದಿಯವರೆಲ್ಲ ನೋಡಿದ್ದರೆ ಈ ದಾರಿ ಹಿಡಿಯದಿರುವುದೇ ಲೇಸು. ಸುಳ್ಳು ವಾದ ಬಿದ್ದುಹೋದ ಮೇಲೆ ದಂಡದಲ್ಲೇ ಮುಗಿಸಿ ಎಂದು ಕೇಳಲು ಬಾಯಿ ಬರುವುದಿಲ್ಲ.

ಜೈಲಾಗುತ್ತದೆಯೇ ಎಂದು ಕೇಳಿದ್ದೀರಿ. ಇಷ್ಟು ದಿನವಾದರೂ ಸೆರೆ ಆಗಲೇಬೇಕು ಎಂದು 199ಎ ಕನಿಷ್ಠ ಮಿತಿ ಇಟ್ಟಿಲ್ಲ. ಶಿವಮೊಗ್ಗ ಸೇರಿದಂತೆ ರಾಜ್ಯದ ಹಲವೆಡೆ ನ್ಯಾಯಾಲಯಗಳು ತಂದೆತಾಯಿಗೆ 25,000 ದಂಡ ವಿಧಿಸಿದ್ದು ಪತ್ರಿಕೆಗಳಲ್ಲಿ ಬಂದೇ ಇದೆ. ಆದರೆ ನಿಮ್ಮಲ್ಲಿ ಮದ್ಯವೂ ಸೇರಿರುವುದರಿಂದ 185ರ ದಂಡವೂ ಮಾಲೀಕರ ಮೇಲೆ ಬರಬಹುದು; ಒಟ್ಟು 35,000ದಿಂದ 40,000 ರೂಪಾಯಿಗೆ ಸಿದ್ಧರಿರಿ. 185ನ್ನಾಗಲಿ 199ಎಯನ್ನಾಗಲಿ ರಸ್ತೆಯಲ್ಲೋ ಠಾಣೆಯಲ್ಲೋ ದಂಡ ಕಟ್ಟಿ ಮುಗಿಸುವ ಅವಕಾಶ ಕಾನೂನಿನಲ್ಲಿಲ್ಲ. ‘ಇಲ್ಲೇ ಕೊಡಿ’ ಎಂದು ಯಾರಾದರೂ ಕೇಳಿದರೆ ಅದು ದಂಡವಲ್ಲ ಎಂದು ತಿಳಿಯಿರಿ. ಬಂಧನದ ಭಯವೂ ಅಷ್ಟು ಬೇಡ: 7 ವರ್ಷದೊಳಗಿನ ಅಪರಾಧಗಳಲ್ಲಿ ಬಂಧಿಸಲೇಬೇಕಾದ ಕಾರಣವಿಲ್ಲದಿದ್ದರೆ ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಡಿ ನೋಟಿಸ್ ಕೊಟ್ಟು ಕರೆಸಬೇಕು. ನೋಟಿಸ್ ಬಂದರೆ ಹೇಳಿದ ದಿನ ತಪ್ಪದೆ ಹೋಗಿ; ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಪತ್ನಿ ಸರ್ಕಾರಿ ನೌಕರಿಯಲ್ಲಿದ್ದರೆ ಮೊದಲ ದಿನವೇ ತಪ್ಪೊಪ್ಪಿಕೊಂಡು ಕೈತೊಳೆದುಕೊಳ್ಳುವ ಆತುರ ಬೇಡ. ದಂಡವಾದರೂ ಅದು ಶಿಕ್ಷೆಯೇ, ಸೇವಾ ದಾಖಲೆಗೆ ಏನಾಗುತ್ತದೆಂದು ಮೊದಲು ವಿಚಾರಿಸಿ.

25 ವರ್ಷದ ಲೈಸೆನ್ಸ್ ನಿಷೇಧದ ಬಗ್ಗೆ ಒಂದು ಮಾತು. ಯಾವ ಅನರ್ಹತೆಯೂ ಅಂಟಬಾರದು ಎನ್ನುವ ಬಾಲನ್ಯಾಯ ಕಾಯ್ದೆಗೂ ಈ ನಿಷೇಧಕ್ಕೂ ಮೇಲ್ನೋಟಕ್ಕೇ ಜಗಳವಿದೆ. ವಕೀಲರು ಎತ್ತಬಹುದಾದ ಗಟ್ಟಿ ಪ್ರಶ್ನೆ ಅದು. ಆದರೆ ಆರ್‌ಟಿಒ ಕಚೇರಿಯ ಕಿಟಕಿಯಲ್ಲಿ ಗೆಲ್ಲುವ ವಾದವಲ್ಲ, ಹೈಕೋರ್ಟಿಗೆ ಹೋಗಬೇಕಾದೀತು.

ಅಣ್ಣನ ಮಗನಿಗೂ ಒಬ್ಬ ವಕೀಲರು ಬೇಕು, ಅದೂ ನಿಮ್ಮ ವಕೀಲರಲ್ಲ. 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎಂದು 188ನೇ ಕಲಂ ಹೇಳುತ್ತದೆ. ‘ನೀನೇ ಓಡ್ಸೋ’ ಎಂದು ಕೀ ಕೈಗಿಟ್ಟಿದ್ದರೆ ಸಾಕು. ಅದಕ್ಕಿಂತ ದೊಡ್ಡದು ಬೇರೆ ಇದೆ. ಹುಡುಗನಿಗೆ ಮದ್ಯ ತಂದುಕೊಟ್ಟವರು ಯಾರು? ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷದವರೆಗೆ ದಂಡ. ಈ ಇಡೀ ಘಟನೆಯಲ್ಲಿ ಅತಿ ಹೆಚ್ಚು ಶಿಕ್ಷೆ ಇರುವುದು ಇದಕ್ಕೇ. ಬಾರಿನಲ್ಲಿ ಕೊಟ್ಟಿದ್ದರೆ ಅವರ ಲೈಸೆನ್ಸಿಗೂ ಕುತ್ತು, ಏಕೆಂದರೆ ಕರ್ನಾಟಕದ ಅಬಕಾರಿ ಲೈಸೆನ್ಸ್ ನಿಯಮಗಳ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ.

ಗಾಡಿ ಬಿಡಿಸಿಕೊಳ್ಳಲು ಠಾಣೆಗೆ ಅಲೆಯಬೇಡಿ, ನ್ಯಾಯಾಲಯದಲ್ಲಿ ಮಧ್ಯಂತರ ಸುಪರ್ದಿಗೆ, ಅಂದರೆ ಪ್ರಕರಣ ಮುಗಿಯುವವರೆಗೆ ಗಾಡಿ ನಿಮ್ಮ ವಶದಲ್ಲಿರಲು, ಅರ್ಜಿ ಹಾಕಿಸಿ. ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಪತ್ನಿಯ ಗುರುತಿನ ಚೀಟಿ ಬೇಕು. ಕೇಳಿದಾಗ ಗಾಡಿ ಹಾಜರುಪಡಿಸುತ್ತೇನೆ, ಮಾರುವುದಿಲ್ಲ, ಬಣ್ಣ ಬದಲಿಸುವುದಿಲ್ಲ ಎಂಬ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ವಿಮೆ ಮುಗಿದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಅರ್ಜಿಗಳು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ. ನೋಂದಣಿ ರದ್ದಾದ ಆದೇಶ ಕೈಗೆ ಬಂದ ದಿನದಿಂದ 12 ತಿಂಗಳು ಆ ಗಾಡಿಯನ್ನು ಯಾರೂ, ಲೈಸೆನ್ಸ್ ಇರುವ ನೀವೂ, ರಸ್ತೆಗೆ ಇಳಿಸುವಂತಿಲ್ಲ.

ಅಂದು ಯಾರಿಗಾದರೂ ಗುದ್ದಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಸಾವಾದರೆ ನ್ಯಾಯ ಸಂಹಿತೆಯ 106(1), 5 ವರ್ಷದವರೆಗೆ ಸೆರೆ. ಕುಡಿದು ಓಡಿಸಿದರೆ ಜೀವ ಹೋದೀತೆಂದು ಗೊತ್ತಿದ್ದೂ ಓಡಿಸಿದ ಎಂದಾದರೆ 105, ಅಂದರೆ ಕೊಲೆಯಲ್ಲದ ನರಹತ್ಯೆ. ಇವೆರಡರಲ್ಲೂ ಕನಿಷ್ಠ 7 ವರ್ಷದ ಶಿಕ್ಷೆ ಇಲ್ಲದ್ದರಿಂದ 2020ರ ಶಿಲ್ಪಾ ಮಿತ್ತಲ್ ತೀರ್ಪಿನ ಪ್ರಕಾರ ಅವು ಘೋರ ಅಪರಾಧದ ಗುಂಪಿಗೆ ಸೇರುವುದಿಲ್ಲ; 16 ದಾಟಿದವನನ್ನೂ ದೊಡ್ಡವನಂತೆ ವಿಚಾರಣೆಗೆ ಒಳಪಡಿಸಲಾಗದು. ದೆಹಲಿಯಲ್ಲಿ 2016ರಲ್ಲಿ ನಡೆದ ಮರ್ಸಿಡಿಸ್ ಅಪಘಾತದಿಂದ ಹುಟ್ಟಿದ ತೀರ್ಪು ಅದು. ಪುಣೆಯ ಹುಡುಗನನ್ನು ವಯಸ್ಕನೆಂದು ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನೂ ಅಲ್ಲಿನ ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು. ಪರಿಹಾರದ ಹಣ ಮಾತ್ರ ಮಾಲೀಕರನ್ನು ಬಿಡುವುದಿಲ್ಲ. ಲೈಸೆನ್ಸ್ ಇಲ್ಲದಿರುವುದು, ಕುಡಿದಿರುವುದು ಎರಡೂ ಮೋಟಾರು ವಾಹನ ಕಾಯ್ದೆಯ 150ನೇ ಕಲಮಿನಲ್ಲಿ ವಿಮಾ ಕಂಪನಿಗೆ ಸಿಗುವ ತಕರಾರುಗಳು. ಗಾಯಾಳುವಿಗೆ ಕಂಪನಿ ಮೊದಲು ಹಣ ಕೊಟ್ಟರೂ ಆಮೇಲೆ ಮಾಲೀಕರಿಂದ ವಸೂಲು ಮಾಡುತ್ತದೆ. ಜವಾಹರ್ ಸಿಂಗ್ ಪ್ರಕರಣದಲ್ಲಿ, ಅಪ್ರಾಪ್ತ ಹುಡುಗ ಬೈಕ್ ಒಯ್ದು ಅಪಘಾತ ಮಾಡಿದಾಗ, ಮಾಲೀಕನೇ ತುಂಬಿಕೊಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆ ಮೊತ್ತಗಳು ಲಕ್ಷಗಳಲ್ಲಿರುತ್ತವೆ.

ಇನ್ನು ಕಾಲೇಜಿಗೆ ಹೋಗಿಬರುವ ಮಾತು. ಸಿಟಿ ಬಸ್ಸು, ಸೈಕಲ್ಲು ಇದ್ದೇ ಇವೆ. ಬ್ಯಾಟರಿ ಸ್ಕೂಟರ್ ಕೊಡಿಸುವ ಯೋಚನೆ ಇದ್ದರೆ, 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಮೀ ಮೀರದ ಗಾಡಿ ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ. ಕೊಳ್ಳುವಾಗ ಅಂಗಡಿಯವರಿಂದ ಆ ಮಾದರಿಯ ಅನುಮೋದನೆ ಪತ್ರದ ಪ್ರತಿ ತೆಗೆದುಕೊಳ್ಳಿ. ವೇಗದ ಮಿತಿ ತೆಗೆಸಿ 45ಕ್ಕೆ ಏರಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಆ ತಂತಿ ಬದಲಿಸಿದ ಕ್ಷಣವೇ ಅದು ಮೋಟಾರು ವಾಹನವಾಗಿ, 199ಎ ಮತ್ತೆ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ.